ಎಪ್ರಿಲ್‌ನ ನೀಲಿ ಕಂಬ

ಮಾರ್ಚ್ ಹತ್ತೊಂಬತ್ತರಂದು ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ವಸಂತಿ ಮಣಿಪಾಲದ ತಮ್ಮ ಅಂಗಡಿಯಲ್ಲಿ ಕುಳಿತು ಒಂದು ಕಂಬಕ್ಕೆ ಕಾಲು ಜೋಡಿಸುತ್ತಿದ್ದರು. ಹಾಗೆ ಹೇಳುವುದು ಅವರದೇ ರೀತಿ. ಪಿ.ಜಿ. ವಿದ್ಯಾರ್ಥಿಯೊಬ್ಬ ತನ್ನ ಪ್ರಬಂಧಕ್ಕೆಂದು ತಂದಿದ್ದ ಗ್ರಾಫ್‌ನಲ್ಲಿ ಎರಡು ಕಂಬಗಳಿದ್ದವು. ಹಳೆಯ ಔಷಧಿಯ ಕಂಬ ಗಿಡ್ಡ, ಹೊಸದರ ಕಂಬ ಅದರ ಮೂರು ಪಟ್ಟು ಎತ್ತರ. ಸಂಖ್ಯೆಗಳನ್ನು ನೋಡಿದರೆ ಒಂದು ಎಪ್ಪತ್ತೆರಡು, ಇನ್ನೊಂದು ಎಪ್ಪತ್ತಾರು. ಅಳತೆಯ ಗೆರೆ ಸೊನ್ನೆಯಿಂದ ಹೊರಡದೆ ಎಪ್ಪತ್ತರಿಂದ ಹೊರಟಿತ್ತು.

“ಇದು ಕಾಲು ಕಡಿದ ಕಂಬ. ಕೆಳಗಿನ ಎಪ್ಪತ್ತು ಎಲ್ಲಿ ಹೋಯಿತು?” ಎಂದು ಕೇಳಿ ಅವರು ಗೆರೆಯನ್ನು ಸೊನ್ನೆಗೆ ಇಳಿಸಿದರು.

ಹುಡುಗನ ಮುಖ ಸಪ್ಪಗಾಯಿತು. “ಹೀಗೆ ಮಾಡಿದರೆ ಎರಡೂ ಒಂದೇ ಥರ ಕಾಣ್ತದಲ್ಲ ಮೇಡಂ.”

“ಒಂದೇ ಥರ ಉಂಟಲ್ಲ ಮಾರಾಯ.”

ಆಗ ಫೋನ್ ಬಂತು. ಕಾರ್ಕಳದಿಂದ ಒಳಗಿನ ಒಂದು ಊರಿನ ಯುವಕ ಮಂಡಲದ ಕಾರ್ಯದರ್ಶಿ ಸುಘೋಷ. ಮೂರು ವರ್ಷದ ಹಿಂದೆ ಆ ಊರಿನ ಹಳೆಯ ಕಲ್ಲುಕೋರೆಯ ಬಳಿ ನಿಲ್ಲಿಸಲು ವಸಂತಿಯಿಂದ ಒಂದು ಬೋರ್ಡು ಮಾಡಿಸಿಕೊಂಡಿದ್ದವರು.

“ವಸಂತಿಯಕ್ಕ, ನಮ್ಮ ಕೋರೆಯ ಬೋರ್ಡಿನ ಬಣ್ಣ ಬಿಸಿಲಿಗೆ ಹೋಗಿದೆ. ಅದೇ ಫೈಲಿನಿಂದ ಇನ್ನೊಂದು ಬೇಕು. ಸ್ವಲ್ಪ ದೊಡ್ಡದು. ನೀಲಿ ಚೆನ್ನಾಗಿ ಎದ್ದು ಕಾಣಲಿ.”

“ಅರ್ಜೆಂಟಾ?”

“ಎಪ್ರಿಲ್‌ಗೆ ಮೊದಲು ಸಿಕ್ಕಿದರೆ ಒಳ್ಳೆಯದು. ಆ ಜಾಗದ ಸಂಗತಿ ನಿಮಗೆ ಗೊತ್ತಿರಬೇಕಲ್ವಾ? ಎರಡು ವರ್ಷದಲ್ಲಿ ಎರಡು ಜನ ಈಜಲಿಕ್ಕೆ ಅಂತ ಮೇಲಿನಿಂದ ಹಾರಿದರು. ಒಬ್ಬ ಮಲಗಿದಲ್ಲೇ ಇದ್ದಾನೆ, ಇನ್ನೊಬ್ಬ ಹೋದ. ಕೋರೆಯಲ್ಲಿ ಕುಲೆ ಉಂಟು ಅಂತ ಊರವರು. ಅದಕ್ಕೊಂದು ವ್ಯವಸ್ಥೆ ಮಾಡುವ ಅಂತ ಮಾತಾಗಿದೆ. ಬೋರ್ಡೂ ಹೊಸದಾಗಲಿ ಅಂತ.”

ಕುಲೆ ಎಂದರೆ ಸತ್ತ ಮೇಲೂ ದಾರಿ ಸಿಗದೆ ಅಲ್ಲೇ ಉಳಿದ ಜೀವ.

“ಯಾವ ತಿಂಗಳು?” ಎಂದು ವಸಂತಿ ಕೇಳಿದರು.

“ವ್ಯವಸ್ಥೆಯಾ?”

“ಅಲ್ಲ, ಅವರು ಹಾರಿದ್ದು.”

“ಎರಡೂ ಎಪ್ರಿಲ್. ಅದನ್ನೇ ಜನ ಹೇಳುವುದು, ಕುಲೆಗೆ ತಿಂಗಳು ಗೊತ್ತುಂಟು ಅಂತ.”

ವಿದ್ಯಾರ್ಥಿಯನ್ನು ಕಳುಹಿಸಿ ವಸಂತಿ ಹಳೆಯ ಫೈಲು ತೆರೆದರು. ಮೇಲೆ ಕೆಂಪು ಅಕ್ಷರದಲ್ಲಿ “ಎಚ್ಚರಿಕೆ, ಆಳವಾದ ನೀರು”. ಅದರ ಕೆಳಗೆ ಹನ್ನೆರಡು ತಿಂಗಳಿಗೆ ಹನ್ನೆರಡು ನೀಲಿ ಕಂಬಗಳು. ಆಗಸ್ಟ್‌ನದು ತೀರ ಗಿಡ್ಡ. ಅಲ್ಲಿಂದ ಮೆಟ್ಟಿಲು ಹತ್ತಿದಂತೆ ಏರಿ, ಎಪ್ರಿಲ್ ಮತ್ತು ಮೇ ತಿಂಗಳ ಕಂಬಗಳು ಬೋರ್ಡಿನ ನೆತ್ತಿ ಮುಟ್ಟುತ್ತಿದ್ದವು. ಅತಿ ಕೆಳಗೆ ಸಣ್ಣದಾಗಿ “ಕೋರೆಯ ಅಂಚಿನಿಂದ ನೀರಿಗೆ ಇರುವ ದೂರ, ಕೋಲುಗಳಲ್ಲಿ”.

ಒಂದೂ ತಪ್ಪಿರಲಿಲ್ಲ. ಕಂಬಗಳು ಸೊನ್ನೆಯಿಂದ ಹೊರಟಿದ್ದವು. ಅಗಲ ಸಮವಾಗಿತ್ತು. ಅಳತೆಯ ಮಾನ ಬರೆದಿತ್ತು. ಆದರೂ ಅವರು ಬಹಳ ಹೊತ್ತು ಆ ಚಿತ್ರವನ್ನು ನೋಡುತ್ತಲೇ ಕುಳಿತಿದ್ದರು. ಆ ದಿನ ಮತ್ತೆ ಯಾವ ಗ್ರಾಫನ್ನೂ ಮುಟ್ಟಲಿಲ್ಲ.

ವಸಂತಿ ಹುಟ್ಟಿದ್ದು ಪೆರ್ಡೂರಿನಲ್ಲಿ. ತಂದೆ ದೇವಸ್ಥಾನದ ಅಡುಗೆಮನೆಯಲ್ಲಿದ್ದವರು. ಡ್ರಾಯಿಂಗ್ ಪರೀಕ್ಷೆಗಳನ್ನು ಪಾಸು ಮಾಡಿ, ಆಮೇಲೆ ಕಂಪ್ಯೂಟರ್ ಕಲಿತು, ಮಣಿಪಾಲಕ್ಕೆ ಬಂದು ಇಪ್ಪತ್ತು ವರ್ಷ ದಾಟಿದೆ. ಮನೆ ಬನ್ನಂಜೆಯಲ್ಲಿ, ತಂಗಿಯ ಸಂಸಾರದೊಂದಿಗೆ. ದಿನವೂ ಸಿಟಿ ಬಸ್ಸಿನಲ್ಲಿ ಗುಡ್ಡ ಹತ್ತಿ ಬಂದು, ಸಂಜೆ ಗುಡ್ಡ ಇಳಿದು ಹೋಗುತ್ತಾರೆ. ಪ್ರಬಂಧ ಬರೆಯುವವರಿಗೆ, ಸಂಘ ಸಂಸ್ಥೆಗಳಿಗೆ ಗ್ರಾಫ್ ಮತ್ತು ಬೋರ್ಡು ಮಾಡಿಕೊಡುವುದು ಅವರ ಕೆಲಸ. ಜನ ಅವರ ಹತ್ತಿರ ಬರುವುದು ಕೈ ಚೆನ್ನಾಗಿದೆಯೆಂದು. ಬೈದುಕೊಂಡು ಹೋಗುವುದು ಅವರು ಹೇಳಿದ ಹಾಗೆ ಕೇಳುವುದಿಲ್ಲವೆಂದು.

ಒಮ್ಮೆ ಮಲ್ಲಿಗೆ ಬೆಳೆಗಾರರ ಸಭೆಗಾಗಿ ಯಾರೋ ಒಂದು ಚಿತ್ರ ತಂದಿದ್ದರಂತೆ. ಬೆಳೆ ಎರಡು ಪಟ್ಟಾಗಿದೆ ಎಂದು ತೋರಿಸಲು ಮಲ್ಲಿಗೆಯ ಚೆಂಡನ್ನು ಎತ್ತರದಲ್ಲೂ ಅಗಲದಲ್ಲೂ ಎರಡು ಪಟ್ಟು ಹಿಗ್ಗಿಸಿದ್ದರು. “ಇದು ಎರಡು ಪಟ್ಟಲ್ಲ, ಕಣ್ಣಿಗೆ ನಾಲ್ಕು ಪಟ್ಟು,” ಎಂದು ಹೇಳಿ ವಸಂತಿ ಒಂದೇ ಗಾತ್ರದ ಎರಡು ಚೆಂಡುಗಳನ್ನು ಅಕ್ಕಪಕ್ಕ ಇಟ್ಟು ಕೊಟ್ಟರು. ತುಂಡು ತುಂಡಾಗಿ ಕತ್ತರಿಸಿ ಓರೆಯಾಗಿ ಮಲಗಿಸಿದ ದಪ್ಪ ರೊಟ್ಟಿಯಂಥ ಗ್ರಾಫ್‌ಗಳನ್ನು ಅವರು ಮಾಡುವುದೇ ಇಲ್ಲ. ನಮ್ಮ ಕಡೆಗಿರುವ ತುಂಡು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಎಂಬುದು ಕಾರಣ. ಇಂಥ ಮನುಷ್ಯರು ಈ ಬೋರ್ಡನ್ನು ಹೇಗೆ ಮಾಡಿದರು?

ಅದಕ್ಕೆ ಬಾವಿ ಕಾರಣ. ನಮ್ಮ ಕಡೆ ಬಾವಿಯನ್ನು ಅಳೆಯುವುದು ಕೋಲಿನಲ್ಲಿ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಅಳೆಯುವುದು ದಂಡೆಯಿಂದ ಕೆಳಕ್ಕೆ. ನೀರು ಏಳು ಕೋಲಿಗೆ ಹೋಯಿತು ಎಂದರೆ ಹಗ್ಗವನ್ನು ಏಳು ಕೋಲು ಇಳಿಸಬೇಕು ಎಂದರ್ಥ. ಸಂಖ್ಯೆ ದೊಡ್ಡದಾದಷ್ಟೂ ನೀರು ಕಡಿಮೆ. ಬಾವಿ ಸೇದಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾರ್ಕಳದ ಆ ಕೋರೆಗೆ ಪಂಪು ಇಳಿಸಿ ಸುತ್ತಲಿನವರು ತರಕಾರಿ ಬೆಳೆಯುತ್ತಿದ್ದರು. ಪೈಪು ಎಷ್ಟು ಉದ್ದ ಬೇಕೆಂದು ತಿಂಗಳು ತಿಂಗಳು ಯಂಕಪ್ಪನನ್ನು ಕೇಳುವರು. ಯಂಕಪ್ಪ ಅಲ್ಲಿ ಕಲ್ಲು ಒಡೆಯುತ್ತಿದ್ದವನು. ಕೋರೆ ನಿಂತ ಮೇಲೂ ಅದರ ಪಕ್ಕದ ಶೆಡ್ಡಿನಲ್ಲೇ ಉಳಿದವನು. ಅವನು ಒಂದು ವರ್ಷ ಹಗ್ಗ ಇಳಿಸಿ ಅಳೆದು ಹೇಳಿದ್ದನ್ನು ಸುಘೋಷ ಬರೆದುಕೊಂಡು ತಂದರು. ವಸಂತಿ ಕಂಬ ಎಬ್ಬಿಸಿದರು. ಬೂದಿ ಬಣ್ಣ ಹಾಕಿದ್ದರು. “ನೀರಿನ ಬೋರ್ಡಲ್ವಾ ಅಕ್ಕ, ನೀಲಿ ಹಾಕಿ,” ಎಂದರು ಸುಘೋಷ. ಹಾಕಿದರು. ಪಂಪಿನವರು ಮೂರು ವರ್ಷ ಅದನ್ನು ಸರಿಯಾಗಿಯೇ ಓದಿದರು.

ಮರುದಿನ ವಸಂತಿ ಅಂಗಡಿ ತೆರೆಯದೆ ಕಾಪು ಕಡೆಯ ಬಸ್ಸು ಹತ್ತಿದರು. ಮೊದಲು ಹಾರಿದವನ ವಿಳಾಸವನ್ನು ಸುಘೋಷರಿಂದ ಪಡೆದಿದ್ದರು. ಜೋವಿನ್, ಇಪ್ಪತ್ತನಾಲ್ಕು ವರ್ಷ, ಮನೆ ಶಂಕರಪುರದಲ್ಲಿ. ದಾರಿಯುದ್ದಕ್ಕೂ ಅವರಿಗೆ ನೀಲಿಯೇ ಕಂಡಿತು. ಮನೆಗಳ ಮೇಲಿನ ನೀಲಿ ಟ್ಯಾಂಕು, ಕಟ್ಟಿಗೆಗೆ ಹೊದೆಸಿದ ನೀಲಿ ಟಾರ್ಪಾಲು, ಅಂಗಡಿಯ ನೀಲಿ ಶಟರು. ಎಲ್ಲವೂ ನೆಲದಿಂದ ಮೇಲಕ್ಕೆ ಎದ್ದು ನಿಂತಿದ್ದವು. ಒಂದೊಂದರ ತುದಿಯಲ್ಲೂ ಯಾರೋ ಕಾಲು ಜೋಡಿಸಿ ನಿಂತ ಹಾಗೆ ಕಾಣುತ್ತಿತ್ತು ಎಂದು ಅವರು ಆಮೇಲೆ ಹೇಳಿದರು. ಕಣ್ಣು ಮುಚ್ಚಿದರೂ ಹೋಗಲಿಲ್ಲ.

ಜೋವಿನ್‌ನ ತಾಯಿ ಗ್ಲ್ಯಾಡಿಸ್ ಜಗಲಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಒಳಗಿನ ಮಂಚವನ್ನು ಬಾಗಿಲ ಹತ್ತಿರಕ್ಕೆ ಎಳೆದಿದ್ದರು, ಮಗನಿಗೆ ರಸ್ತೆ ಕಾಣಲಿ ಎಂದು. ಅವನಿಗೆ ಎದೆಯಿಂದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ಬಾಯಿ ಮಾತ್ರ ಚುರುಕು.

“ಆ ಬೋರ್ಡನ್ನು ನೀನು ನೋಡಿದ್ದೆಯಾ?” ಎಂದು ವಸಂತಿ ಕೇಳಿದರು.

“ನೋಡದೆ ಹಾರ್ತೇನಾ ಆಂಟಿ? ಅಷ್ಟು ಹುಚ್ಚನಲ್ಲ ನಾನು. ಫ್ರೆಂಡ್ಸಿಗೆ ಡೌಟು, ಬೇಸಿಗೆ ಅಲ್ವಾ, ನೀರು ಇರ್ತದಾ ಅಂತ. ನಾನೇ ತೋರಿಸಿದ್ದು, ‘ನೋಡಿ ಮಾರಾಯ್ರೆ, ಎಪ್ರಿಲ್ ಫುಲ್ ಉಂಟು’ ಅಂತ.” ಅವನು ಹಿಂದೆ ಕಾರ್ಕಳದ ಒಂದು ಮೊಬೈಲ್ ಅಂಗಡಿಯಲ್ಲಿದ್ದವನು. “ಬ್ಯಾಟರಿ ಹಾಗೆ ಕಂಡಿತು. ಉದ್ದ ಇದ್ದರೆ ಫುಲ್, ಗಿಡ್ಡ ಇದ್ದರೆ ಲೋ.”

“ಮಳೆಗಾಲದ್ದು ಲೋ ಇತ್ತಲ್ಲ. ಅದು ವಿಚಿತ್ರ ಅನ್ನಿಸಲಿಲ್ಲವಾ?”

“ಅದು ಮಲಗಿದ ಮೇಲೆ ತಲೆಗೆ ಬಂತು. ಈಗ ಯೋಚನೆ ಮಾಡಲಿಕ್ಕೆ ಟೈಮ್ ಉಂಟು ನೋಡಿ,” ಎಂದು ನಕ್ಕ. “ಆಗ ಅನ್ನಿಸಿದ್ದು, ಕೋರೆ ಅಲ್ವಾ, ಎಂತದೋ ಒರತೆ ಇರಬಹುದು, ಬೋರ್ಡು ಹಾಕಿದವರಿಗೆ ಗೊತ್ತಿರ್ತದೆ ಅಂತ.”

ವಸಂತಿ ಮಂಚದ ಹತ್ತಿರ ಬಂದರು. “ಆ ಬೋರ್ಡು ಮಾಡಿದ್ದು ನಾನು.”

ಗ್ಲ್ಯಾಡಿಸ್‌ರ ಕೈ ಹೂವಿನ ಮೇಲೆ ನಿಂತಿತು. “ಎರಡು ವರ್ಷ ಇವನಿಗೆ ಬೈದೆ ನಾನು. ಕಣ್ಣಿದ್ದೂ ಕುರುಡ ಅಂತ.”

“ಬಿಡಿ ಮಮ್ಮಿ, ಈಗ ಬೈಯಲಿಕ್ಕೆ ಬೇರೆ ಜನ ಸಿಕ್ಕಿದರಲ್ಲ.”

ಗ್ಲ್ಯಾಡಿಸ್ ನಗಲಿಲ್ಲ. ವಸಂತಿಯನ್ನು ನೇರವಾಗಿ ನೋಡಿದರು. “ಆ ಬೋರ್ಡು ಇನ್ನೂ ಉಂಟಾ ಅಲ್ಲಿ?”

“ಉಂಟು, ಗ್ಲ್ಯಾಡಿಸಕ್ಕ.”

“ಹಾಗಾದರೆ ನೀವು ಇಲ್ಲಿ ಕೂತುಕೊಂಡು ಎಂತ ಮಾಡ್ತೀರಿ?”

ಎಪ್ರಿಲ್‌ಗೆ ಹನ್ನೊಂದು ದಿನ ಉಳಿದಿತ್ತು. ವಸಂತಿ ರಸ್ತೆಯಿಂದಲೇ ಸುಘೋಷರಿಗೆ ಫೋನ್ ಮಾಡಿ, ಹೊಸದು ಮಾಡುವುದಿಲ್ಲ, ಹಳೆಯದನ್ನು ಇವತ್ತೇ ಇಳಿಸಿ ಎಂದರು. ಸುಘೋಷ ಕೆಟ್ಟ ಮನುಷ್ಯರಲ್ಲ, ಹೆದರಿದ್ದರು. “ಈಗ ಇಳಿಸಿದರೆ ತಪ್ಪು ನಮ್ಮದು ಅಂತ ನಾವೇ ಒಪ್ಪಿದ ಹಾಗಲ್ವಾ ಅಕ್ಕ? ಕೆಳಗೆ ಸ್ಪಷ್ಟ ಬರೆದುಂಟು. ಓದದಿದ್ದರೆ ನಾವು ಎಂತ ಮಾಡುವುದು? ಭಾನುವಾರ ಮಂಡಲದ ಸಭೆ ಉಂಟು, ಬನ್ನಿ, ಅಲ್ಲಿ ಹೇಳಿ.”

ಸಭೆಗೆ ಮೊದಲು ಹೊಸ ಚಿತ್ರವೊಂದನ್ನು ಬರೆಯಲು ವಸಂತಿ ಕುಳಿತರು. ಈ ಸಲ ಕಂಬಗಳನ್ನು ಮೇಲಿನ ಅಂಚಿನಿಂದ ಕೆಳಕ್ಕೆ, ಬಾವಿಗೆ ಇಳಿಬಿಟ್ಟ ಹಗ್ಗದ ಹಾಗೆ ತೂಗಿಸಿದರು. ಖಾಲಿ ಜಾಗಕ್ಕೆ ಕಲ್ಲಿನ ಬಣ್ಣ. ಅದರ ಕೆಳಗೆ ಉಳಿದ ನೀರಿಗೆ ನೀಲಿ. ಆದರೆ ನೀಲಿಯನ್ನು ಎಲ್ಲಿ ನಿಲ್ಲಿಸಬೇಕು? ಕೋರೆಯ ತಳ ಎಲ್ಲಿದೆ ಎಂದು ಅವರ ಬಳಿ ಸಂಖ್ಯೆ ಇರಲಿಲ್ಲ. ಸುಘೋಷರನ್ನು ಕೇಳಿದರು. ಅವರಲ್ಲೂ ಇರಲಿಲ್ಲ. ಪೈಪು ಇಳಿಸುವವರಿಗೆ ತಳದ ಲೆಕ್ಕ ಬೇಕಾಗಿರಲಿಲ್ಲ; ಯಾರೂ ಅಳೆದಿರಲಿಲ್ಲ. ನೀರಿನ ಬೋರ್ಡೆಂದು ಮೂರು ವರ್ಷ ನಿಂತಿದ್ದ ಆ ಬೋರ್ಡಿನಲ್ಲಿ ನೀರು ಎಷ್ಟಿದೆ ಎಂಬ ಒಂದು ವಿಷಯ ಮಾತ್ರ ಇರಲೇ ಇಲ್ಲ.

ಅವರು ಕೋರೆಗೆ ಹೋದದ್ದು ನಡು ಮಧ್ಯಾಹ್ನ. ಬಿಸಿಲು ಕಪ್ಪು ಬಂಡೆಗೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಹಕ್ಕಿಯ ಸದ್ದೂ ಇಲ್ಲ. ಅಂಚಿನ ಚಪ್ಪಡಿಯ ಮೇಲೆ ನಿಂತು ನೋಡಿದರೆ ನೀರು ದೂರದಲ್ಲಿ, ಕಪ್ಪಗೆ, ಅಲುಗಾಡದೆ ಇತ್ತು. ತಳವೇ ಇಲ್ಲದಂಥ ಕಪ್ಪು. ಬಂಡೆಯ ಬಣ್ಣವೇ ಅದೆಂದು ಗೊತ್ತಿದ್ದರೂ ನಂಬಲು ಆಗುತ್ತಿರಲಿಲ್ಲ. ಬೋರ್ಡು ಚಪ್ಪಡಿಯ ಬಲಕ್ಕಿತ್ತು. ಬಣ್ಣ ಹೋಗಿದೆ ಎಂದಿದ್ದರು ಸುಘೋಷ. ಹೋದದ್ದು ಕೆಳಗಿನ ಸಣ್ಣ ಅಕ್ಷರಗಳು. ನೀಲಿ ಇನ್ನೂ ಹಾಗೇ ಇತ್ತು.

ಬೋರ್ಡಿನ ಬುಡದಲ್ಲಿ ಒಂದು ತಟ್ಟೆ, ಅದರಲ್ಲಿ ಒಣಗಿದ ಜೋಳದ ರೊಟ್ಟಿ.

“ನಮ್ಮ ಬೀರಪ್ಪಗರಿ, ಅಕ್ಕಾರ,” ಎಂದ ಯಂಕಪ್ಪ. ಹೋದ ಎಪ್ರಿಲ್‌ನಲ್ಲಿ ಸತ್ತ ಬೀರಪ್ಪ ಅವನ ತಮ್ಮನ ಮಗ. ಕೊಪ್ಪಳದ ಕಡೆಯಿಂದ ಸೆಂಟ್ರಿಂಗ್ ಕೆಲಸಕ್ಕೆ ಬಂದವನು. “ಅಮಾಸಿಗೊಮ್ಮೆ ಇಡ್ತೀನಿ. ಮಂದಿ ಅಂತಾರ, ಅವ ನೀರಾಗ ಅದಾನ, ಕಾಲ್ ಹಿಡದ ಎಳಿತಾನ ಅಂತ. ಸುಳ್ಳರಿ ಅದು. ನನಗ ಕಾಣ್ತಾನ. ನೀರಾಗಲ್ಲ. ಇಲ್ಲೇ ಬೋರ್ಡಿನ ಮುಂದ ನಿಂತಿರ್ತಾನ, ಹಿಂಗ ಕತ್ತೆತ್ತಿ ನೋಡ್ಕೋತ.”

ವಸಂತಿ ತಮಗೇ ತಿಳಿಯದೆ ಎರಡು ಹೆಜ್ಜೆ ಹಿಂದೆ ಸರಿದರು.

“ಅವನಿಗೆ ಓದಲು ಬರುತ್ತಿತ್ತಾ?”

“ಹೆಸರು ಬರೀತಿದ್ದ. ತಿಂಗಳ ಗುರ್ತ ಹಿಡೀತಿದ್ದ. ಚಿತ್ರ ನೋಡಾಕ ಓದೂದು ಏನ್ ಬೇಕ್ರಿ?” ಅವನು ಹಗ್ಗಕ್ಕೆ ಕಲ್ಲು ಬಿಗಿಯುತ್ತಿದ್ದ. ಮುಖ ಎತ್ತದೆ ಹೇಳಿದ, “ನಾನಽ ಹೇಳಿದ್ನಿ ಅವಗ. ಕೋರಿಗೆ ಹೋಗಾವಿದ್ರ ಮೊದಲ ಬೋರ್ಡ್ ನೋಡಪಾ ಅಂತ.”

ಇಬ್ಬರೂ ಸೇರಿ ಹಗ್ಗ ಇಳಿಸಿದರು. ಕಲ್ಲು ನೀರನ್ನು ಮುಟ್ಟಿದಲ್ಲಿ ಒಂದು ಗಂಟು. ಮತ್ತೆ ಇಳಿಸಿದರು. ಹಗ್ಗ ಸಡಿಲವಾದಲ್ಲಿ ಇನ್ನೊಂದು ಗಂಟು. ಮೇಲೆ ಎಳೆದು ಎರಡು ಗಂಟುಗಳ ನಡುವಿನ ಒದ್ದೆ ಹಗ್ಗವನ್ನು ನೋಡಿದ ಯಂಕಪ್ಪ, “ಕಲ್ಲು ಎಲ್ಲೋ ಸಿಕ್ಕೊಂಡಿರ್ಬೇಕರಿ,” ಎಂದು ಇನ್ನೊಂದು ಕಡೆಯಿಂದ ಇಳಿಸಿದ. ಅಲ್ಲೂ ಅದೇ. ಅವನು ಚಪ್ಪಡಿಯ ಮೇಲೆ ಕುಳಿತುಬಿಟ್ಟ. ಮೂರನೆಯ ಸಲ ವಸಂತಿಯೇ ಇಳಿಸಬೇಕಾಯಿತು.

ಭಾನುವಾರದ ಸಭೆ ಶಾಲೆಯ ಜಗಲಿಯಲ್ಲಿ ನಡೆಯಿತು. ಇಪ್ಪತ್ತು ಜನ ಇದ್ದಿರಬಹುದು. ಗೌರವಾಧ್ಯಕ್ಷ ರಘುಪತಿ ನಿವೃತ್ತ ಅಧ್ಯಾಪಕರು. ಊರಿನ ಅರ್ಧ ಜನ ಅವರ ವಿದ್ಯಾರ್ಥಿಗಳು. ಕುಲೆಯ ಕಾರ್ಯಕ್ಕೆ ದಿನ ನೋಡಿ ಆಗಿತ್ತು.

“ಕುಲೆಯ ವಿಷಯ ನನಗೆ ಗೊತ್ತಿಲ್ಲ ಮಾಷ್ಟ್ರೇ. ಆ ಕಾರ್ಯ ಬೇಡ ಅಂತ ನಾನು ಹೇಳುವುದಿಲ್ಲ,” ಎಂದರು ವಸಂತಿ. “ಆದರೆ ಅದು ಎಪ್ರಿಲ್‌ವರೆಗೆ ಯಾಕೆ ಕಾಯುತ್ತದೆ?”

“ಪರೀಕ್ಷೆ ಮುಗಿಯಲಿ ಅಂತ,” ಎಂದರು ಹಿಂದಿನಿಂದ ಯಾರೋ. ನಗು ಎದ್ದಿತು.

“ಹೌದು,” ಎಂದರು ವಸಂತಿ. “ಪರೀಕ್ಷೆ ಮುಗಿದು ಮಕ್ಕಳು ಅಲ್ಲಿಗೆ ಹೋಗುವುದು ಆಗಲೇ.”

ನಗು ನಿಂತಿತು.

“ನೀನೇ ಮಾಡಿದ್ದನ್ನು ನೀನೇ ತಪ್ಪು ಅಂತ ಹೇಳುವುದಾ?” ರಘುಪತಿ ಕೇಳಿದರು.

“ಲೆಕ್ಕ ಸರಿ ಉಂಟು ಮಾಷ್ಟ್ರೇ. ಚಿತ್ರ ಸುಳ್ಳು ಹೇಳುತ್ತದೆ.”

“ಅದು ಹೇಗೆ? ಕೆಳಗೆ ಬರೆದದ್ದು ನಾನು ಓದಿದ್ದೇನೆ. ನನಗೆ ಅರ್ಥವಾಗಿದೆ.”

“ನಿಮಗೂ ನನಗೂ ಬಾವಿ ಗೊತ್ತುಂಟು. ನಲ್ಲಿ ನೀರಿನಲ್ಲಿ ಬೆಳೆದವರನ್ನು ಕೇಳಿ.” ವಸಂತಿ ಬೋರ್ಡಿನ ಮೂಲ ಚಿತ್ರವನ್ನು ಮೊಬೈಲಿನಲ್ಲಿ ತೆರೆದು, ಮುಂದಿನ ಸಾಲಿನಲ್ಲಿದ್ದ ಭಾವನಾಳ ಕೈಗೆ ಕೊಟ್ಟರು. ಭಾವನಾ ಸುಘೋಷರ ಮಗಳು. ಕಾಲೇಜಿನಲ್ಲಿ ಕೊನೆಯ ವರ್ಷ, ಈಜಿನಲ್ಲಿ ಪದಕ ಪಡೆದವಳು. “ಇದರಲ್ಲಿ ಯಾವ ತಿಂಗಳು ನೀರು ಜಾಸ್ತಿ ಉಂಟು, ಮಗಾ?”

“ಮೇ. ಆಮೇಲೆ ಎಪ್ರಿಲ್.” ತಡೆಯೇ ಇರಲಿಲ್ಲ.

“ಕೆಳಗೆ ಓದು,” ಎಂದರು ಸುಘೋಷ. ಅವರ ಸ್ವರ ಸ್ವಲ್ಪ ಏರಿತ್ತು.

“ಓದುವುದು ಎಂತಕ್ಕೆ ಪಪ್ಪ? ಕಾಣ್ತದಲ್ಲ.” ಅವಳು ಫೋನು ಹಿಂತಿರುಗಿಸಿದಳು. “ನಾವು ಮುಂದಿನ ವಾರ ಕೋರೆಗೆ ಹೋಗುವ ಅಂತ ಇದ್ದೇವೆ. ಫ್ರೆಂಡ್ಸ್ ಎಲ್ಲ. ನೀರು ಉಂಟಲ್ಲ ಈಗ, ಅದಕ್ಕೇ.”

ಸುಘೋಷ ಎದ್ದು ಮಗಳನ್ನೇ ನೋಡಿದರು. ಆ ಮುಖವನ್ನು ವಸಂತಿ ಹಿಂದೆ ಎಲ್ಲಿಯೂ ಕಂಡಿರಲಿಲ್ಲವಂತೆ. ಸುಘೋಷ ಜಗಲಿ ಇಳಿದು, ಬೈಕಿನ ಪೆಟ್ಟಿಗೆಯಿಂದ ಸ್ಪ್ಯಾನರ್ ತೆಗೆದುಕೊಂಡು ಕೋರೆಯ ಕಡೆಗೆ ಹೊರಟೇಬಿಟ್ಟರು. ಸಭೆ ಮುಗಿಯುವಷ್ಟರಲ್ಲಿ ಬೋರ್ಡು ಕೆಳಗೆ ಬಿದ್ದಿತ್ತು.

ಅಲ್ಲಿ ಈಗ ತಂತಿ ಬೇಲಿ ಬಂದಿದೆ. ಬೇಲಿಯ ಹೊರಗೆ ತೂಗುವ ಕಂಬಗಳ ಹೊಸ ಬೋರ್ಡು ಬಂದಿದೆ. ಕುಲೆಯ ಕಾರ್ಯವೂ ಆಯಿತು. ವಸಂತಿ ಹೋಗಿ ಪ್ರಸಾದ ತೆಗೆದುಕೊಂಡು ಬಂದರು. ಈಗ ಗ್ರಾಫ್ ಮಾಡಿ ಮುಗಿಸಿದ ಮೇಲೆ ಅಕ್ಷರಗಳನ್ನೆಲ್ಲ ಅಳಿಸಿ, ಬರೀ ಚಿತ್ರವನ್ನು ಪಕ್ಕದ ಜೆರಾಕ್ಸ್ ಅಂಗಡಿಯವರಿಗೆ ತೋರಿಸಿ, ಎಂತ ಕಾಣುತ್ತದೆ ಎಂದು ಕೇಳುತ್ತಾರೆ. ಅಷ್ಟಾದರೂ ಆ ಹೊಸ ಬೋರ್ಡಿನ ನಂತರ ನೀಲಿ ಬಣ್ಣವನ್ನು ಮುಟ್ಟಿಲ್ಲ. ಯಂಕಪ್ಪನಿಗೆ ಬೀರಪ್ಪ ಈಗಲೂ ಕಾಣುತ್ತಾನಂತೆ, ಹಳೆಯ ಬೋರ್ಡು ಇದ್ದ ಜಾಗದಲ್ಲಿ, ಖಾಲಿ ಗಾಳಿಯ ಕಡೆಗೆ ಕತ್ತೆತ್ತಿಕೊಂಡು. ಹಾಗೆಂದು ಅವನು ಫೋನಿನಲ್ಲಿ ಹೇಳಿದಾಗ ವಸಂತಿ ಸುಳ್ಳೆನ್ನಲಿಲ್ಲ.

ಆ ಭಾನುವಾರ ಸುಘೋಷ ಎದ್ದು ಹೋದ ಮೇಲೆ ಸಭೆ ಇನ್ನೂ ಮುಗಿದಿರಲಿಲ್ಲ. ರಘುಪತಿ ಮಾಷ್ಟ್ರು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡು, ಇಷ್ಟು ಎತ್ತರದಿಂದ ಆ ಮಕ್ಕಳು ಹಾರಿದರಲ್ಲ, ಕೆಳಗೆ ನೀರು ಎಷ್ಟಿತ್ತು ಎಂದು ಕೇಳಿದರು. ವಸಂತಿ ಎದ್ದು ನಿಂತು, ಎದೆಯ ಮಟ್ಟಕ್ಕೆ ಕೈ ಹಿಡಿದು, ಹಿಂದೆ ಕುಳಿತವರಿಗೂ ಕೇಳುವಂತೆ ಹೇಳಿದರು:

“ಒಂದೂವರೆ ಕೋಲು.”